ಬೆಂಕಿ ಕುದುರೆ

ನಾನು ಹುಟ್ಟಿದ್ದು ಬೆಂಕಿ ಕುದುರೆಯ ವರ್ಷ.
ಆ ವರ್ಷದ ಹೆಣ್ಣು ಗಂಡನನ್ನು ತಿಂದು ತೇಗುತ್ತಾಳಂತೆ.
ಅರವತ್ತು ವರ್ಷಕ್ಕೊಮ್ಮೆ ಸುತ್ತಿ ಬರುವ ಈ ಮಾತಿಗೆ ಹೆದರಿ
ಇಡೀ ಜಪಾನು ಅಂದು ಮೈ ಮುದುಡಿ ಮಲಗಿತ್ತು:
ನಾಲ್ಕರಲ್ಲೊಂದು ತೊಟ್ಟಿಲು ತೂಗಲೇ ಇಲ್ಲ.

ಡಿಸೆಂಬರ್ ಇಪ್ಪತ್ತಾರು. ಹೊರಗೆ ಮಂಡಿಯುದ್ದ ಹಿಮ.
ಸೂಲಗಿತ್ತಿ ಅಪ್ಪನ ಕಿವಿಯಲ್ಲಿ ಉಸುರಿದಳಂತೆ:
'ಐದಾರು ದಿನ ತಡೆದು ಬರೆಸು,
ಕುದುರೆ ಕುರಿಯಾಗುತ್ತದೆ.
ಎಲ್ಲರೂ ಹಾಗೇ ಮಾಡುತ್ತಿದ್ದಾರೆ.'
ಅಪ್ಪ ದೋಣಿಯವನು, ಒಂದು ಮೀನಿನ ಲೆಕ್ಕ ತಪ್ಪಿದರೂ ನಿದ್ದೆ ಬಾರದು.
ಮರುದಿನವೇ ಹಿಮ ತುಳಿದು ಹೋಗಿ
ಹುಟ್ಟಿದ ದಿನವನ್ನೇ ಬರೆಸಿ ಬಂದ.
ಅಮ್ಮ ಮೂರು ದಿನ ಮಾತಾಡಲಿಲ್ಲ.

ಶಾಲೆಯಲ್ಲಿ ಮುಂದಿನ ತರಗತಿ ನಲವತ್ತು, ಹಿಂದಿನದು ನಲವತ್ತೊಂದು,
ನಡುವೆ ನಾವು ಇಪ್ಪತ್ತೊಂಬತ್ತು,
ಹಾಲುಹಲ್ಲು ಬಿದ್ದ ಜಾಗದ ಹಾಗೆ.
ಓಟದಲ್ಲಿ ನನಗೂ ಬಹುಮಾನ ಬಂತು. ಓಡುವವರೇ ಕಡಿಮೆ.

ಮುಂದೆ ಕೆಲಸಕ್ಕೆ ಸೇರಿದ್ದೂ ಅದೇ ಕಚೇರಿ, ಅದೇ ಕಿಟಕಿ.
ನೆಲಮಾಳಿಗೆಯ ಕಬ್ಬಿಣದ ಕಪಾಟಿನಲ್ಲಿ
ಅಜ್ಜಿ ಇಕುನೊಳ ಪುಟ ಸಿಕ್ಕಿತು:
ಒಂಬತ್ತು ಹೆಸರು, ನಾಲ್ಕರ ಮೇಲೆ ಅಡ್ಡಗೀಟು,
ಒಂದರ ಪಕ್ಕ ಸಣ್ಣಕ್ಷರದಲ್ಲಿ 'ಬ್ರೆಜಿಲ್'.
ಒಮ್ಮೆ ಹೇಳಿದರಂತೆ, ನೆಲ ಸಾಲದು, ಹಡಗು ಹತ್ತಿ.
ಇನ್ನೊಮ್ಮೆ ಹೇಳಿದರಂತೆ, ದಂಡಿಗೆ ಸಾಲದು, ಹೆರಿ.
ಅಜ್ಜಿ ಎರಡಕ್ಕೂ ತಲೆಯಾಡಿಸಿ
ಮೀನು ಸೀಳಿ ಒಣಹಾಕುತ್ತಿದ್ದಳು.

ನನಗೆ ಇಪ್ಪತ್ಮೂರು ತುಂಬಿದಾಗ ಪತ್ರಿಕೆಯಲ್ಲಿ ಬಂತು:
ಹೆಣ್ಣಿಗೆ ಒಂದೂವರೆ ಮಗು, ಮೇಲೆ ಒಂದಿಷ್ಟು ಚಿಲ್ಲರೆ,
ನನ್ನ ವರ್ಷಕ್ಕಿಂತಲೂ ಕೂದಲೆಳೆ ಕಡಿಮೆ.
ಕುದುರೆಯ ಸುಳಿವೇ ಇರದ ವರ್ಷ.
ಹಾವಿನದು, ಪಾಪ, ಅದಕ್ಕೆ ಯಾರೂ ಹೆದರಿದವರಲ್ಲ.
ಹೆದರಿ ನಿಂತದ್ದು ಮರುವರ್ಷ ನುಗ್ಗಿ ಬಂದಿತ್ತು.
ಹೆದರದೆ ನಿಂತದ್ದನ್ನು
ಏನೆಂದು ಕರೆದು ಕೂಗಲಿ?

(ಗಂಡ ಯಸುಜಿ ಚೆನ್ನಾಗಿಯೇ ಇದ್ದಾನೆ. ತಿಂದಿಲ್ಲ.
ಸಾರಿಗೆ ಉಪ್ಪು ಕಡಿಮೆ ಮಾಡಿದ್ದೇನೆ, ಅಷ್ಟೇ ದೂರು.
ಮಕ್ಕಳು? ಒಂದು.
ಎರಡನೆಯದರ ಮಾತು ಒಂದು ಮಾರ್ಚಿನಲ್ಲಿ ಬಂದು
ಏಪ್ರಿಲ್ಲಿಗೆ ಹೋಯಿತು. ಇಬ್ಬರಿಗೂ ಕೆಲಸವಿತ್ತು.)

ಈಗ ಸಾವಿನ ಫಾರಂ ಮುಗಿದು ಮತ್ತೆ ತರಿಸಿದೆವು.
ಹುಟ್ಟಿನದು ಹೋದ ಸಲ ಬಂದ ಕಟ್ಟೇ,
ದಾರ ಅರ್ಧ ಸಡಿಲ, ಅಂಚು ಹಳದಿ.
ಆ ಕಟ್ಟಿನ ಮೇಲೆ ನನ್ನ ಊಟದ ಡಬ್ಬಿ.

ಮತ್ತೆ ಬಂದಿದೆ ಬೆಂಕಿ ಕುದುರೆ.
ಕಚೇರಿಯ ಹುಡುಗರು ಕೆಂಪು ಟೋಪಿ ತೊಡಿಸಿ
ಅರವತ್ತರ ಅಜ್ಜಿ ಎಂದು ಚಪ್ಪಾಳೆ ತಟ್ಟಿದರು,
ಚಕ್ರ ಮುಗಿದವರು ಮತ್ತೆ ಕೂಸಾಗುತ್ತಾರಂತೆ.
ಹಾಗಾದರೆ ಈ ಊರಿನ ತುಂಬ ಕೂಸುಗಳೇ.

ಜುಲೈನ ಒಂದು ಮಂಗಳವಾರ
ಮೀನಿನ ಕಾರ್ಖಾನೆಯ ಬೂಟಿನಲ್ಲೇ ಬಂದ ಗಂಡ,
ಪಕ್ಕದಲ್ಲಿ ವಿಯೆಟ್ನಾಮಿನ ಲಿಯೆನ್, ಎದೆಗೆ ಕಟ್ಟಿದ ಗಂಟು.
ಗಂಟಿನೊಳಗೆ ಸೀನು.
ಈ ವರ್ಷದ ನಾಲ್ಕನೆಯದು.
ಹೆಸರು ದಿಯೆಪ್, ಎಲೆ ಎಂದರ್ಥವಂತೆ.
ಕುಟುಂಬದ ಪುಸ್ತಕದಲ್ಲಿ ಇವಳಿಗೆ ಗೆರೆಯಿಲ್ಲ, ಕಾನೂನು ಹಾಗಿದೆ.
ಬೇರೆ ಕಡತ, ಬೇರೆ ಕಪಾಟು,
ಕಪಾಟಿರುವುದು ಮಾತ್ರ ಅದೇ ಕೋಣೆಯಲ್ಲಿ.

ನಾನು ವರ್ಷದ ಮಾತೆತ್ತಲಿಲ್ಲ. ಅವಳೇ ನಕ್ಕಳು:
'ಕುದುರೆ! ನಮ್ಮಲ್ಲೂ ಕುದುರೆಯೇ.
ಅಮ್ಮ ಫೋನಿನಲ್ಲಿ ಅಂದಳು, ಹಟಮಾರಿ ಆಗುತ್ತಾಳೆ.'
ಒಳ್ಳೆಯದು, ಅಂದೆ. ಇಲ್ಲಿ ಓಡಲು ಜಾಗ ಬಹಳ.

ಮೊಹರಿನ ಕೆಂಪು ಒಣಗಿತ್ತು. ಬಾಯಿಂದ ಬಿಸಿಯುಸಿರು ಊದಿ ಒತ್ತಿದೆ,
ಮೊದಲ ಸಲ ಅರ್ಧ ಮೂಡಿತು, ಎರಡನೆಯದಕ್ಕೆ ಪೂರ್ತಿ.
ಫಾರಂ ತಿರುಗಿಸಿ ತೋರಿಸಿದೆ:
ದಿನಾಂಕ ಸರಿಯಿದೆಯೇ?
ಯಾಕೋ ಇನ್ನೊಮ್ಮೆ ಕೇಳಿದೆ.
ಹೌದು, ಅಂದಳು. ಅಂದೇ ಹುಟ್ಟಿದ್ದು.